ಹನುಮಕ್ಕನ ಮೊದಲ ಅಪ್ಪಣೆ

ಹರಿಹರದ ಒಂದು ಕಾರ್ಖಾನೆಯಲ್ಲಿ ಹನುಮಕ್ಕ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ಮ್ಯಾನೇಜರ್ ಶ್ರೀಕಂಠಯ್ಯ ತಾವೇ ಅವಳಿಗೆ ಚಹಾ ತಂದುಕೊಟ್ಟರು. ಎಂದೂ ಮುಖ ಕೊಟ್ಟು ಮಾತಾಡದ ಮನುಷ್ಯ. ಹನುಮಕ್ಕನಿಗೆ ಅಲ್ಲೇ ಅನುಮಾನ ಬಂತು.

"ಕೈ ಕಾಯೋ ಈ ಜಾಲರಿಯಿಂದ ಕೆಲಸ ನಿಧಾನ ಆಗ್ತಿದೆ. ತೆಗೆದುಹಾಕಿ ನಡೆಸಮ್ಮ. ನೀನು ಶುರು ಮಾಡಿದರೆ ಉಳಿದವರೂ ಮಾಡ್ತಾರೆ. ಆಮೇಲೆ ನಿನ್ನನ್ನ ಸೂಪರ್‌ವೈಸರ್ ಮಾಡ್ತೀನಿ," ಎಂದರು.

ಜಾಲರಿ ಇಲ್ಲದ ಕಾಲದಲ್ಲಿ ಅದೇ ಪ್ರೆಸ್ಸು ಅವಳ ಗೆಳತಿಯ ಎರಡು ಬೆರಳು ತಿಂದಿತ್ತು. ಒಲ್ಲೆ ಅಂದರೆ ಕೆಲಸ ಹೋಗುತ್ತದೆ.

"ಆಮೇಲೆ ಅಂದಿದ್ದು ಮರೆತುಹೋಗುತ್ತೆ ಸಾರ್. ಮೊದಲು ಎಲ್ಲರ ಎದುರು ಹೇಳಿಬಿಡಿ," ಎಂದಳು.

ಶ್ರೀಕಂಠಯ್ಯ ಎಲ್ಲರನ್ನೂ ಕರೆದರು. ಇವತ್ತಿನಿಂದ ಹನುಮಕ್ಕನೇ ಸೂಪರ್‌ವೈಸರ್, ಅವಳು ಹೇಳಿದಂತೆ ಕೇಳಬೇಕು ಎಂದು ಸಾರಿದರು. ಕೆಲಸಗಾರರು ಅವಳನ್ನು ಓರೆಗಣ್ಣಿನಿಂದ ನೋಡಿದರು.

ಹನುಮಕ್ಕ ಗಂಟಲು ಸರಿಮಾಡಿಕೊಂಡಳು. "ಜಾಲರಿ ಇಲ್ಲದೆ ಯಾರೂ ಪ್ರೆಸ್ ಮುಟ್ಟಬಾರದು," ಎಂದಳು.

ಮ್ಯಾನೇಜರ್ ಮುಖ ಕೆಂಪಾಯಿತು. "ಹಾಗಾದರೆ ಜಾಲರಿ ತೆಗೆದು ನಡೆಸೋರು ಯಾರು?"

"ನನ್ನ ಜಾಗ ಈಗ ಖಾಲಿ ಇದೆಯಲ್ಲ ಸಾರ್. ನೀವು ಕೂರೋದಾದರೆ ನಾನೇ ಜಾಲರಿ ಬಿಚ್ಚಿಕೊಡ್ತೀನಿ."

ಶ್ರೀಕಂಠಯ್ಯ ಪ್ರೆಸ್ಸಿನ ಕಡೆ ಒಮ್ಮೆ ನೋಡಿದರು. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಸೇರಿಸಿಕೊಂಡು ಮೆಲ್ಲಗೆ ತಮ್ಮ ಕೋಣೆಗೆ ನಡೆದರು.