ಶನಿವಾರದ ಚೀಟಿ

“ಗುರುಗಳೇ, ಜೊತೆಯವನಲ್ಲಿ ನಿಷ್ಠೆ ಸಡಿಲವಾದದ್ದು ಕಂಡರೆ ನಿಮಗೆ ಬಂದು ತಿಳಿಸುವುದು ಶಿಷ್ಯನ ಧರ್ಮವಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಗುಡ್ಡದ ಪಡೆಯಲ್ಲಿ ಐನೂರು ಜನರಿದ್ದಾರೆಂದು ಎಲ್ಲರೂ ನಂಬಿದ್ದರು. ಸಂತೆಗಳಲ್ಲಿ ಬಾಂಬಿಟ್ಟು ಹೆಸರು ಮಾಡಿದ್ದ ಪಡೆ ಅದು. ಕೊನೆಗೊಮ್ಮೆ ಸೈನಿಕರು ಗುಡ್ಡ ಹತ್ತಿದಾಗ ಯಾರೂ ಎದುರಾಗಲಿಲ್ಲ. ಗುಹೆಯಲ್ಲಿ ಕಾಗದ ತುಂಬಿದ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು. ಅದನ್ನು ಓದಲು ಒಬ್ಬ ಗುಮಾಸ್ತನಿಗೆ ಕೊಟ್ಟರು.

ಗುಮಾಸ್ತನ ತಮ್ಮ ಮೂರು ವರ್ಷದ ಹಿಂದೆ ಆ ಪಡೆ ಸೇರಿದ್ದ. ಬದುಕಿದ್ದಾನೆಯೇ ಎಂಬುದಷ್ಟೇ ಗುಮಾಸ್ತನಿಗೆ ಬೇಕಿತ್ತು.

ಪೆಟ್ಟಿಗೆಯಲ್ಲಿ ಯುದ್ಧದ ಯೋಜನೆಗಳಿರಲಿಲ್ಲ. ಚೀಟಿಗಳಿದ್ದವು. ಪ್ರತಿ ಶನಿವಾರ ಪ್ರತಿಯೊಬ್ಬನೂ ಜೊತೆಯವನೊಬ್ಬನ ತಪ್ಪನ್ನು ಬರೆದು ನಾಯಕನಿಗೆ ಕೊಡಬೇಕೆಂಬುದು ಪಡೆಯ ಕಟ್ಟಳೆ. ಒಬ್ಬ ನಿದ್ದೆಯಲ್ಲಿ ತನ್ನೂರಿನ ಹೆಸರು ಹೇಳಿದನಂತೆ. ಇನ್ನೊಬ್ಬ ನಾಯಕನ ಭಾಷಣದ ನಡುವೆ ಆಕಳಿಸಿದನಂತೆ. ಮುಂದಿನ ವಾರ ಆಕಳಿಸಿದವನ ಚೀಟಿ ಇರಲಿಲ್ಲ.

ತಮ್ಮನ ಅಕ್ಷರ ಸಿಕ್ಕಿತು. ಮೂರು ಶನಿವಾರ ಅವನು ಒಂದೇ ಸಾಲು ಬರೆದಿದ್ದ: ‘ಯಾರಲ್ಲೂ ತಪ್ಪು ಕಾಣಲಿಲ್ಲ.’ ಮೂರನೆಯದರ ಕೆಳಗೆ ನಾಯಕ ಬರೆದಿದ್ದ: ‘ಎಲ್ಲರ ತಪ್ಪನ್ನೂ ಬಚ್ಚಿಡುತ್ತಿದ್ದಾನೆ. ಮುಗಿಸಿ.’

ಗುಮಾಸ್ತ ಉಳಿದದ್ದನ್ನೂ ಓದಿದ. ಅದು ಅವನ ಕೆಲಸವಾಗಿತ್ತು. ವಾರದಿಂದ ವಾರಕ್ಕೆ ಚೀಟಿಗಳು ಕಡಿಮೆಯಾಗುತ್ತ ಹೋದವು. ಕೊನೆಯ ಶನಿವಾರ ಎರಡೇ ಇದ್ದವು. ನಾಯಕ ಅಡುಗೆಯವನ ಮೇಲೆ ಬರೆದಿದ್ದ. ಅಡುಗೆಯವನು ನಾಯಕನ ಮೇಲೆ, ಕಟ್ಟಳೆಯಂತೆ ನಾಯಕನಿಗೇ ಬರೆದಿದ್ದ.

“ಏನಯ್ಯ, ಎಷ್ಟು ಜನ ಉಳಿದಿದ್ದಾರೆ?” ಎಂದು ಅಧಿಕಾರಿ ಕೇಳಿದ.

“ಯಾರೂ ಇಲ್ಲ ಸ್ವಾಮಿ. ಕೊನೆಯ ಚೀಟಿ ಬರೆದೇ ವರ್ಷವಾಯಿತು.”

“ಮತ್ತೆ ನಾವು ಇಷ್ಟು ದಿನ ಕಾವಲು ಕಾದದ್ದು ಯಾರಿಗೆ, ನಿಮ್ಮಜ್ಜನಿಗಾ?”

ಗುಮಾಸ್ತ ಪೆಟ್ಟಿಗೆಯನ್ನು ಅವನತ್ತ ಸರಿಸಿದ. ಅಧಿಕಾರಿ ಚೀಟಿಗಳನ್ನು ತಾನೇ ತಿರುವಿಹಾಕಿದ. ಬಹಳ ಹೊತ್ತು ಓದಿದ.

“ಪಾಪಿಗಳು ಹಾಳಾಗಿ ಹೋಗಲಿ, ಕಟ್ಟಳೆ ಮಾತ್ರ ಚೆನ್ನಾಗಿದೆ ಕಣಯ್ಯ. ನಮ್ಮ ಕಚೇರಿಯಲ್ಲೂ ಶುರುವಾಗಲಿ. ಮೊದಲು ನೀನೇ ಬರಿ” ಎಂದು ಅವನ ಮುಂದೆ ಬಿಳಿ ಹಾಳೆ ಇಟ್ಟ.

ಗುಮಾಸ್ತ ತಮ್ಮನ ಸಾಲನ್ನು ನೆನೆದ. ಆಮೇಲೆ ಪಕ್ಕದ ಮೇಜಿನವನ ಹೆಸರು ಬರೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮುಂದಿನ ಮಾತಿಗೆ ಕಾದು ಕುಳಿತ.

“ಸರಿ, ನೀನು ಯಾರ ಹೆಸರು ತಂದಿದ್ದೀಯ?” ಎಂದರು ಗುರುಗಳು.