ಕ್ಷೇಮದ ಬಟನ್

“ಬುದ್ಧೀ, ಮಠದಲ್ಲಿ ಇಷ್ಟೊಂದು ಜನ ಇದ್ದೇವೆ. ಒಟ್ಟಿಗೆ ಉಣ್ಣುತ್ತೇವೆ, ಒಟ್ಟಿಗೆ ಕೂತು ಓದುತ್ತೇವೆ. ಆದರೂ ನನ್ನೊಳಗಿನ ಸಂಕಟ ಒಬ್ಬರ ಕಣ್ಣಿಗೂ ಬೀಳುವುದಿಲ್ಲವಲ್ಲ, ಏಕೆ?” ಎಂದು ಶಿಷ್ಯ ಮರಿದೇವ ಗುರುಗಳನ್ನು ಕೇಳಿದ.

ಗುರುಗಳು ಅವನ ಮುಖ ನೋಡಿದರು. “ಕೂತುಕೋ. ರಾಜನ ಕತೆ, ನರಿಯ ಕತೆ ಹೇಳಿದರೆ ನೀನು ಆಕಳಿಸುತ್ತೀಯ. ಕಂಪ್ಯೂಟರಿನವಳ ಕತೆ ಹೇಳುತ್ತೇನೆ, ಕೇಳು” ಎಂದು ಶುರುಮಾಡಿದರು.

ಒಂದು ಊರು. ಅಲ್ಲಿ ಒಂಟಿಯಾಗಿ ಬದುಕುವವರು ಬಹಳ ಮಂದಿ. ಮನೆಯೊಳಗೆ ಬಿದ್ದರೆ ಕೇಳುವವರಿಲ್ಲ. ಇಂಥವರಿಗಾಗಿ ಅಲ್ಲಿನ ಸಂಘದವರು ಒಂದು ಜಾಲತಾಣ ಮಾಡಿದರು. ಬೆಳಿಗ್ಗೆ ಎದ್ದವರು ಅದನ್ನು ತೆರೆದು, ತಮ್ಮ ಹೆಸರಿನ ಮುಂದೆ ‘ಕ್ಷೇಮ’ ಎಂಬ ಬಟನ್ ಒತ್ತಬೇಕು. ಒತ್ತದಿದ್ದರೆ ಮಧ್ಯಾಹ್ನದೊಳಗೆ ಸಂಘದವರು ಬಂದು ಬಾಗಿಲು ತಟ್ಟುತ್ತಾರೆ. ಇಷ್ಟೇ ಏರ್ಪಾಡು.

ಆ ಜಾಲತಾಣ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಕೆಲಸ ಒಬ್ಬ ಹೆಂಗಸಿನದು. ಅವಳೂ ಒಂಟಿ. ಕೆಲಸವೂ ಮನೆಯಿಂದಲೇ. ಒಮ್ಮೊಮ್ಮೆ ದಿನಗಟ್ಟಲೆ ಅವಳ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಬೀದಿಯಲ್ಲಿ ತರಕಾರಿಯವನು ಬಂದರೆ ಬೇಡದ ಸೊಪ್ಪಿಗೂ ಚೌಕಾಸಿ ಮಾಡುತ್ತಿದ್ದಳು, ಅವನು ಇನ್ನೊಂದು ಗಳಿಗೆ ನಿಲ್ಲಲಿ ಎಂದು.

ಜಾಲತಾಣ ತೆರೆಯುವುದಕ್ಕೆ ಎಲ್ಲರದೂ ಒಂದೇ ಬ್ರೌಸರ್ ಅಲ್ಲವಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ, ಒಂದರಲ್ಲಿ ನೆಟ್ಟಗೆ ಕಾಣುವ ಪುಟ ಇನ್ನೊಂದರಲ್ಲಿ ಅಡ್ಡಾದಿಡ್ಡಿ. ಬಟನ್ನೇ ಕಾಣದೆ ಹೋದರೆ ಪಾಪ, ಆ ಮುದುಕರು ಏನು ಮಾಡಬೇಕು? ಅದಕ್ಕೆ ಅವಳು ತನ್ನ ಕಂಪ್ಯೂಟರಿಗೆ ಎಲ್ಲ ಬಗೆಯ ಬ್ರೌಸರುಗಳನ್ನೂ ಹಾಕಿದಳು. ಬೆಳಗಾದರೆ ಅವು ತಮ್ಮಷ್ಟಕ್ಕೆ ತಾವೇ ಒಂದಾದ ಮೇಲೊಂದು ತೆರೆದು, ಕ್ಷೇಮ ಒತ್ತಿ, ಮುಚ್ಚಿಕೊಳ್ಳುವಂತೆ ಏರ್ಪಾಡು ಮಾಡಿದಳು. ಒಂದೊಂದು ಮುಗಿದಾಗಲೂ ಟಿಣ್ ಎಂದು ಸದ್ದು.

ಜಾಣೆಯೇ. ಆದರೆ ಒತ್ತುವುದಕ್ಕೆ ಒಂದು ಹೆಸರು ಬೇಕಲ್ಲ? ಸುಳ್ಳು ಹೆಸರು ಸೇರಿಸಿದರೆ, ಒತ್ತದ ದಿನ ಸಂಘದವರು ಇಲ್ಲದವರ ಮನೆ ಹುಡುಕಿಕೊಂಡು ಅಲೆಯಬೇಕು. ಇನ್ನೊಬ್ಬರ ಹೆಸರಿನಲ್ಲಿ ಒತ್ತಿದರೆ ಅವರ ಪ್ರಾಣಕ್ಕೇ ಸಂಚಕಾರ. ಅವಳು ನಿಯತ್ತಿನವಳು ನೋಡು, ತನ್ನ ಹೆಸರನ್ನೇ ಕೊಟ್ಟಳು.

ಒಂದು ಬೆಳಿಗ್ಗೆ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟ ಮುರಿಯಿತು. ಫೋನು ನಡುಮನೆಯಲ್ಲಿ. ತೆವಳಲು ಹೋದರೆ ಜೀವ ಹೋಗುವಷ್ಟು ನೋವು. ಆದರೂ ಅವಳು ಹೆದರಲಿಲ್ಲ. ‘ಇವತ್ತು ನಾನು ಕ್ಷೇಮ ಒತ್ತಿಲ್ಲ. ಮಧ್ಯಾಹ್ನದೊಳಗೆ ಬಂದೇ ಬರುತ್ತಾರೆ’ ಎಂದುಕೊಂಡಳು. ನಿಜ ಹೇಳಬೇಕೆಂದರೆ, ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ತನ್ನನ್ನು ಕೇಳಿಕೊಂಡು ಒಬ್ಬರು ಬಂದು ಎಷ್ಟು ಕಾಲವಾಗಿತ್ತು!

ಆಗ ನಡುಮನೆಯಲ್ಲಿ ಟಿಣ್ ಎಂದಿತು. ಮತ್ತೆ ಟಿಣ್. ಮತ್ತೆ.

ತಾನೇ ಮಾಡಿಟ್ಟ ಏರ್ಪಾಡು ಅವಳಿಗೆ ಆಗ ನೆನಪಾಯಿತು. “ಇಲ್ಲ, ಇಲ್ಲ” ಎಂದು ಕೂಗಿದಳು. ಕಂಪ್ಯೂಟರಿಗೆ ಕಿವಿ ಎಲ್ಲಿಯದು? ಎಲ್ಲ ಬ್ರೌಸರುಗಳೂ ಸರದಿಯ ಮೇಲೆ ಅವಳು ಕ್ಷೇಮವೆಂದು ಹೇಳಿ ಸುಮ್ಮನಾದವು.

ಮಧ್ಯಾಹ್ನ ಸಂಘದವನೊಬ್ಬ ಆ ಬೀದಿಗೆ ಬಂದ. ಬಂದದ್ದು ಎದುರುಮನೆಗೆ. “ಯಾಕಜ್ಜಾ, ಬಟನ್ ಒತ್ತಿಲ್ಲ?” ಎಂದು ಅವನು ಗದರುವುದು, “ಮರೆತುಬಿಟ್ಟೆ ಕಣಪ್ಪಾ. ಹೇಗೂ ಬಂದೆಯಲ್ಲ, ಕಾಫಿ ಕುಡಿದು ಹೋಗು” ಎಂದು ಅಜ್ಜ ನಗುವುದು, ಬಚ್ಚಲ ಗವಾಕ್ಷಿಯಿಂದ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಕರೆದಳು. ಬೆಳಗಿನಿಂದ ಕೂಗಿ ಗಂಟಲು ಕಟ್ಟಿತ್ತು, ದನಿ ಏಳಲಿಲ್ಲ. ಕಾಫಿ ಮುಗಿಯಿತು. ಅವನ ಚಪ್ಪಲಿಯ ಸದ್ದು ಅವಳ ಬಾಗಿಲ ಮುಂದೆಯೇ ಹಾದು ಹೋಯಿತು. ಅವಳು ಅತ್ತಳು. ಸೊಂಟದ ನೋವಿಗಲ್ಲ.

ಮರುದಿನವೂ ಟಿಣ್ ಎಂದಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮರಿದೇವನಿಗೆ ತಡೆಯಲಾಗಲಿಲ್ಲ. “ಅಯ್ಯೋ, ಆಮೇಲೆ? ಯಾರೂ ಬರಲೇ ಇಲ್ಲವೇ ಬುದ್ಧೀ?”

“ಬಂದರು. ಕರೆಂಟು ಹೋದ ದಿನ ಬಂದರು. ಅವತ್ತು ಯಾವ ಬ್ರೌಸರೂ ತೆರೆಯಲಿಲ್ಲ, ಯಾವುದೂ ಕ್ಷೇಮ ಎನ್ನಲಿಲ್ಲ. ಮಧ್ಯಾಹ್ನಕ್ಕೆ ಬಾಗಿಲು ಒಡೆದು ಒಳಗೆ ಹೋದರು. ಕೈಗೆಟುಕುವ ಹಾಗೆ ಬಕೆಟ್ಟಿನಲ್ಲಿ ನೀರಿತ್ತು, ಜೀವ ಹಿಡಿದಿತ್ತು. ‘ದಿನಾ ಕ್ಷೇಮ ಅಂತಿದ್ದೆಯಲ್ಲ ತಾಯಿ, ನಮಗೆ ಹೇಗೆ ಗೊತ್ತಾಗಬೇಕು?’ ಎಂದು ಎತ್ತಿದವರೇ ಅತ್ತರು.”

ಮರಿದೇವ ಉಸಿರು ಬಿಟ್ಟ. “ಎಂಥ ಹುಚ್ಚು ಹೆಂಗಸು ಬುದ್ಧೀ! ತನ್ನ ಕ್ಷೇಮವನ್ನು ಯಾರಾದರೂ ಯಂತ್ರದ ಬಾಯಲ್ಲಿ ಹೇಳಿಸುತ್ತಾರೆಯೇ?”

“ಇವತ್ತು ಬೆಳಿಗ್ಗೆ ಬಾವಿಯ ಹತ್ತಿರ ನಿನ್ನನ್ನು ನಿಲ್ಲಿಸಿ ‘ಹೇಗಿದ್ದೀಯ ಮಗೂ’ ಎಂದು ನಾನು ಕೇಳಿದಾಗ, ‘ಕ್ಷೇಮ ಬುದ್ಧೀ’ ಎಂದವರು ಯಾರು?” ಎಂದರು ಗುರುಗಳು.