ಎರಡನೆಯ ಗುಂಡು

"ಬುದ್ಧಿ, ನಾಲಿಗೆಯ ತುದಿಗೆ ಬಂದದ್ದು ನಿಜವೇ ಆಗಿದ್ದರೆ ಅದನ್ನು ತಡೆದು ನಿಲ್ಲಿಸುವುದೇಕೆ?"

ಹೀಗೆ ಗುರುಗಳನ್ನು ಕೇಳಿದವನು ಗುರುಸಿದ್ಧ. ಮಠದ ಶಿಷ್ಯರಲ್ಲಿ ಅವನಷ್ಟು ಚುರುಕಾದವನು ಇನ್ನೊಬ್ಬನಿರಲಿಲ್ಲ. ಹಿಂದಿನ ದಿನ ಪೂಜೆಯ ಹೊತ್ತಿನಲ್ಲಿ ಒಬ್ಬ ವಯಸ್ಸಾದ ಭಕ್ತ ಕಣ್ಣೀರು ಸುರಿಸುತ್ತ ನಿಂತಿದ್ದಾಗ, ಮನೆಯಲ್ಲಿ ಮಗನನ್ನು ಮಾತಾಡಿಸದವನು ಇಲ್ಲಿ ಬಂದು ಅತ್ತರೇನು ಫಲ ಎಂದು ಎಲ್ಲರ ಎದುರಿಗೆ ಅಂದುಬಿಟ್ಟಿದ್ದ. ಮಾತು ಸುಳ್ಳಾಗಿರಲಿಲ್ಲ. ಆ ಭಕ್ತ ಪ್ರಸಾದಕ್ಕೂ ನಿಲ್ಲದೆ ಹೋಗಿದ್ದ. ಗುರುಗಳು ಬೈಯಲಿಲ್ಲ. ಇನ್ನು ಮೇಲೆ ಮಾತಾಡುವ ಮುಂಚೆ ಒಂದು ಗಳಿಗೆ ತಡೆ ಎಂದಷ್ಟೇ ಹೇಳಿದ್ದರು. ಆ ತಡೆ ಗುರುಸಿದ್ಧನಿಗೆ ರುಚಿಸಿರಲಿಲ್ಲ.

ಗುರುಗಳು ಹೇಳಿದರು:

ಕೂತುಕೋ ಮರಿ. ಒಂದು ಕೋವಿಯ ಕತೆ ಹೇಳುತ್ತೇನೆ. ಮಠದಲ್ಲಿ ಕೋವಿಯ ಕತೆಯೇ ಎಂದು ಹುಬ್ಬೇರಿಸಬೇಡ. ನಿನ್ನ ಪ್ರಶ್ನೆಗೆ ನನಗೆ ನೆನಪಾದದ್ದು ಅದೇ.

ಗುಡ್ಡಗಾಡಿನ ಒಂದು ನಾಡು. ಅಲ್ಲಿ ಮನೆಮನೆಯಲ್ಲೂ ಕೋವಿ. ವರ್ಷಕ್ಕೊಮ್ಮೆ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ. ಕೋವಿಗೆ ಅಲ್ಲಿ ಇನ್ನೊಂದು ಕೆಲಸವೂ ಇತ್ತು. ಮನೆಗಳು ಗುಡ್ಡಕ್ಕೊಂದರಂತೆ ದೂರ ದೂರ, ಕೂಗಿದರೆ ಕೇಳದು. ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು. ಸಾವಾದರೆ ಎರಡು. ಒಂದು ಕೇಳಿದವರು ನಕ್ಕು ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಎರಡು ಕೇಳಿದವರು ಕೈಯಲ್ಲಿದ್ದುದನ್ನು ಬಿಟ್ಟು, ಯಾರು ಏನು ಎಂದು ವಿಚಾರಿಸದೆ, ಶಬ್ದ ಬಂದ ಕಡೆಗೆ ಹೊರಡುತ್ತಿದ್ದರು.

ಆ ನಾಡಿನಲ್ಲಿ ಒಬ್ಬ ಗೃಹಸ್ಥ. ಹೆಸರು ಬೇಡ, ಅವನ ವಂಶದವರು ಇದ್ದಾರೆ. ಅವನದು ಹಿಡಿಕೆಯ ಕೋವಿ. ಕೆಳಗಿರುವ ಹಿಡಿಕೆಯನ್ನು ಒಮ್ಮೆ ಇಳಿಸಿ ಏರಿಸಿದರೆ ಖಾಲಿ ತೋಟೆ ಹೊರಗೆ ಬಿದ್ದು ಗುಂಡು ತುಂಬಿದ ಮುಂದಿನ ತೋಟೆ ತಾನಾಗಿ ಏರಿ ಕೂರುತ್ತದೆ. ಒಳ್ಳೆಯ ಕೋವಿಯೇ. ಆದರೆ ಟ್ರಿಗರ್ ಬಲು ಬಿಗಿ. ಎಳೆದು ಎಳೆದು ಬೆರಳು ಸೋಲುವ ಹೊತ್ತಿಗೆ ನಳಿಗೆ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತಿತ್ತು. ಪ್ರತಿವರ್ಷವೂ ಅವನ ಪಾಲಿನ ತೆಂಗಿನಕಾಯಿ ಮರದ ಮೇಲೇ ಉಳಿಯುತ್ತಿತ್ತು. ಮನೆಗೆ ಒಯ್ದು ಚಟ್ನಿ ಮಾಡಿಸಿಕೋ ಎಂದು ಭಾವಮೈದುನರು ಆಡಿಕೊಳ್ಳುತ್ತಿದ್ದರು.

ಅವನು ಒಂದು ದಿನ ಕೋವಿಯನ್ನು ಬಿಚ್ಚಿದ. ಒಳಗೆ ಒಂದು ಸಣ್ಣ ಕಬ್ಬಿಣದ ಹಲ್ಲು. ತೋಟೆಗೆ ಬಡಿಯುವ ಸುತ್ತಿಗೆಯನ್ನು ಹಿಡಿದು ನಿಲ್ಲಿಸುವುದು ಅದೇ. ಅದರ ಮೇಲೆ ಹಳೆಯ ಜಿಡ್ಡು, ತುಕ್ಕು. ಅರದಿಂದ ಉಜ್ಜಿ ನುಣುಪು ಮಾಡಿದ, ಎಣ್ಣೆ ಹಾಕಿದ, ಜೋಡಿಸಿದ. ಆ ವರ್ಷ ತೆಂಗಿನಕಾಯಿ ಒಡೆಯಿತು. ಇಲ್ಲಿಯವರೆಗೆ ಅವನ ತಪ್ಪೇನೂ ಇಲ್ಲ. ಕೊಳೆ ತೆಗೆಯುವುದು ಒಳ್ಳೆಯ ಕೆಲಸ.

ಆದರೆ ಕೊಳೆ ಹೋದ ಮೇಲೂ ಅವನು ಅರವನ್ನು ಕೆಳಗಿಡಲಿಲ್ಲ. ಇನ್ನೊಂದು ಚೂರು ಹಗುರವಾದರೆ ಎಷ್ಟು ಚೆನ್ನ ಅನ್ನಿಸಿತು. ಬಿಡುವಾದಾಗಲೆಲ್ಲ ಬಿಚ್ಚುವನು, ಆ ಹಲ್ಲನ್ನು ಒಂದಿಷ್ಟು ಉಜ್ಜುವನು, ಜೋಡಿಸುವನು. ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಗುಂಡು ಹಾರಬೇಕೆಂಬುದು ಅವನ ಆಸೆ. ಕೊನೆಗೆ ಹಾಗೆಯೇ ಆಯಿತು. ಬೆರಳು ಸೋಕಿದರೆ ಸಾಕು. ಪಂದ್ಯದಲ್ಲಿ ಅವನನ್ನು ಮೀರಿಸುವವರು ಇಲ್ಲವಾದರು. ಆಡಿಕೊಂಡಿದ್ದ ಭಾವಮೈದುನರೇ ತಮ್ಮ ಕೋವಿಗಳನ್ನು ತಂದು, ನಮ್ಮದನ್ನೂ ಹೀಗೆ ಮಾಡಿಕೊಡು ಎಂದು ಬೆನ್ನುಹತ್ತಿದರು. ಒಮ್ಮೆ ಮನೆಯಲ್ಲೇ ಅದು ಅಕಸ್ಮಾತ್ತಾಗಿ ಹಾರಿ ಚಾವಣಿಯ ಹೆಂಚು ಒಡೆಯಿತು. ಅವನು ಹೆಂಚನ್ನು ಬದಲಾಯಿಸಿದ, ಹಲ್ಲನ್ನು ಬದಲಾಯಿಸಲಿಲ್ಲ.

ಹೆಂಡತಿ ಕೇಳಿದಳು: "ಇನ್ನೂ ಎಷ್ಟು ಅಂತ ತೇಯ್ತೀರಿ? ಅದು ನಿಮ್ಮ ಮಾತು ಕೇಳುತ್ತೋ, ಅದರ ಇಷ್ಟಕ್ಕೇ ಹಾರುತ್ತೋ?"

"ನಾನು ನೆನೆಸಿದ್ದು ಅದಕ್ಕೆ ಗೊತ್ತಾಗುತ್ತೆ ಕಣೇ" ಎಂದ ಅವನು. ಹೆಮ್ಮೆಯಿಂದಲೇ ಹೇಳಿದ.

ಹೀಗಿರುವಾಗ ಅವನ ಸೊಸೆಗೆ ದಿನ ತುಂಬಿತು. ಚೊಚ್ಚಲ ಹೆರಿಗೆ, ತವರಿನಲ್ಲಿ ಆಗಬೇಕಾದದ್ದು. ಆದರೆ ತವರಿನಲ್ಲಿ ನೋಡಿಕೊಳ್ಳಲು ತಾಯಿ ಇರಲಿಲ್ಲ. ಹೊಳೆಯಾಚೆಯ ಗುಡ್ಡದ ಮನೆಯಲ್ಲಿ ಮುದಿ ತಂದೆ, ಜೊತೆಗೆ ಒಬ್ಬ ಆಳು, ಅಷ್ಟೇ. ಆ ಮುದುಕನಿಗೆ ಲೋಕದಲ್ಲಿ ತನ್ನವಳೆಂದು ಇದ್ದವಳು ಆ ಮಗಳು ಒಬ್ಬಳೇ. ಅವನು ಹೆಂಡತಿಯನ್ನು ಕಳೆದುಕೊಂಡದ್ದೂ ಹೆರಿಗೆಯಲ್ಲೇ.

ನೋವು ಶುರುವಾದ ಸುದ್ದಿ ತಲುಪಿದಾಗ ಮುದುಕ ಹೊರಟು ನಿಂತ. ಗೃಹಸ್ಥ ಬೀಗನಿಗೆ ಹೇಳಿ ಕಳುಹಿಸಿದ: "ಹೊಳೆ ತುಂಬಿದೆ, ಸೇತುವೆ ಬಳಸಿ ಬರೋದು ನಿಮ್ಮ ವಯಸ್ಸಿಗೆ ಬಲು ದೂರ, ನೀವು ಬರಬೇಡಿ. ನಿಮ್ಮ ಜಗಲಿಯಲ್ಲೇ ಕೂತಿರಿ. ಮಗು ಅತ್ತ ಕೂಡಲೇ ಕೋವಿ ಹಾರಿಸ್ತೇನೆ. ಅಲ್ಲಿಗೆ ಚೆನ್ನಾಗಿ ಕೇಳುತ್ತೆ." ಒಳ್ಳೆಯ ಮನಸ್ಸಿನಿಂದಲೇ ಹೇಳಿಸಿದ್ದ. ಮುದುಕ ಆ ಮಾತಿಗೆ ಒಪ್ಪಿ ಕೂತ.

ಬಿಸಿಲು ಏರುವ ಹೊತ್ತಿಗೆ ಮಗು ಅತ್ತಿತು. ಗಂಡುಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಗೃಹಸ್ಥನ ಸಂತೋಷ ಹೇಳತೀರದು. ಕೋವಿ ತೆಗೆದುಕೊಂಡು ಅಂಗಳಕ್ಕೆ ಓಡಿದ. ಆಕಾಶಕ್ಕೆ ಹಿಡಿದು ಒಂದು ಗುಂಡು ಹಾರಿಸಿದ.

ಪಂದ್ಯಗಳಲ್ಲಿ ಪಳಗಿದ ಕೈ. ಒಂದು ಹಾರಿದ ಕೂಡಲೇ ಹಿಡಿಕೆಯನ್ನು ಇಳಿಸಿ ಏರಿಸುವುದು ಅದಕ್ಕೆ ರೂಢಿಯಾಗಿಬಿಟ್ಟಿತ್ತು. ಅವನು ಬೇಡ ಎಂದುಕೊಳ್ಳುವ ಮೊದಲೇ ಕೈ ತನ್ನ ಕೆಲಸ ಮುಗಿಸಿತು. ಖಾಲಿ ತೋಟೆ ಹೊರಗೆ ಬಿತ್ತು, ಹೊಸ ತೋಟೆ ಏರಿ ಕೂತಿತು. ಸುತ್ತಿಗೆಯನ್ನು ಹಿಡಿದು ನಿಲ್ಲಿಸಬೇಕಾದ ಹಲ್ಲು ತೇದು ತೇದು ಹಲ್ಲಾಗಿ ಉಳಿದಿರಲಿಲ್ಲ. ಅದು ಹಿಡಿಯಲಿಲ್ಲ. ಅವನ ಬೆರಳು ಟ್ರಿಗರ್‌ನ ಮೇಲೆ ಇರಲೇ ಇಲ್ಲ. ಕೋವಿ ತಾನಾಗಿ ಎರಡನೆಯ ಸಲ ಹಾರಿತು.

ಒಳಗಿನಿಂದ ಹೆಂಡತಿ ಓಡಿ ಬಂದಳು. "ಅಯ್ಯೋ, ಏನು ಮಾಡಿಬಿಟ್ರಿ!" ಎಂದಳು. ಅವನು ಕೋವಿ ಹಿಡಿದು ನಿಂತೇ ಇದ್ದ. ಇನ್ನೊಂದು ಹಾರಿಸೋಣವೆಂದರೆ ಆ ನಾಡಿನಲ್ಲಿ ಮೂರು ಗುಂಡಿಗೆ ಅರ್ಥವಿಲ್ಲ. ಹಾರಿದ್ದನ್ನು ಹಾರಲಿಲ್ಲ ಎಂದು ಹೇಳುವ ಗುಂಡನ್ನು ಯಾರೂ ಮಾಡಿಲ್ಲ. ಅವನು ಮಗನನ್ನು ಹೊಳೆಯ ಕಡೆಗೆ ಓಡಿಸಿದ.

ಸ್ವಲ್ಪ ಹೊತ್ತಿನಲ್ಲೇ ನೆರೆಯವರು ಬಂದರು. ಸಾವಿನ ಮನೆಗೆ ಬರುವಂತೆ ಬಿಳಿ ಬಟ್ಟೆ ಉಟ್ಟು, ತಲೆ ತಗ್ಗಿಸಿ, ಮಾತಿಲ್ಲದೆ ಬಂದರು. ಅಂಗಳದಲ್ಲಿ ಸಂಗತಿ ತಿಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ನಿಮ್ಮ ಕೋವಿಗೆ ನಿಮಗಿಂತ ಸಂತೋಷ ಹೆಚ್ಚಾಗಿತ್ತು ಎಂದು ಒಬ್ಬ ಅಂದ. ಬಂದದ್ದು ಬಂದೆವು, ಪಾಯಸ ಉಂಡೇ ಹೋಗುತ್ತೇವೆ ಎಂದು ಇನ್ನೊಬ್ಬ ಅಂದ. ಗೃಹಸ್ಥನೂ ನಗಲು ನೋಡಿದ. ಕಣ್ಣು ಮಾತ್ರ ಹೊಳೆಯ ದಾರಿಯ ಮೇಲಿತ್ತು.

ಆಚೆ ಗುಡ್ಡದಲ್ಲಿ ನಡೆದದ್ದನ್ನು ಆಮೇಲೆ ಆಳು ಹೇಳಿದ. ಮೊದಲನೆಯ ಗುಂಡು ಕೇಳಿದಾಗ ಮುದುಕ ಎದ್ದು ನಿಂತು ಕೈಮುಗಿದನಂತೆ. ಮುಗಿದ ಕೈ ಇಳಿಯುವ ಮೊದಲೇ ಎರಡನೆಯದು ಕೇಳಿತು. ಸೇತುವೆಯ ಮೇಲಿಂದ ಬಳಸಿ ಬರುವ ದಾರಿ ಇತ್ತು. ಅವನು ಆ ದಾರಿ ಹಿಡಿಯಲಿಲ್ಲ. ಮಗಳ ಮುಖ ನೋಡಲು ಹತ್ತಿರದ ದಾರಿ ಹೊಳೆಯೇ ಆಗಿತ್ತು. ಬೇಡ ಬೇಡ ಎಂದು ಆಳು ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ಅಳಿಯ ಈ ದಂಡೆಗೆ ಓಡಿ ಬರುವ ಹೊತ್ತಿಗೆ ನೀರಿನ ಮೇಲೆ ಯಾರೂ ಕಾಣಿಸುತ್ತಿರಲಿಲ್ಲ.

ಮಧ್ಯಾಹ್ನ ಮುದುಕನನ್ನು ಹೊತ್ತು ತಂದು ಅಂಗಳದಲ್ಲಿ ಮಲಗಿಸಿದರು. ಬೆಳಿಗ್ಗೆ ಬಂದು ನಕ್ಕವರು ಇನ್ನೂ ಅಲ್ಲೇ ಇದ್ದರು. ಬಿಳಿ ಬಟ್ಟೆ ಉಟ್ಟೇ ಇದ್ದರು. ಒಳಗಿನಿಂದ ಬಾಣಂತಿ ಕೇಳಿದಳು: "ಅಪ್ಪ ಬಂದ್ರಾ?" ಈ ಮಾತು ಹೇಳುವಾಗಲೆಲ್ಲ ನನಗೇ ಸಂಕಟವಾಗುತ್ತದೆ, ಮರಿ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗುರುಸಿದ್ಧ ನೆಲ ನೋಡುತ್ತ ಕೂತಿದ್ದ. ನಾಲಿಗೆಯ ತುದಿಗೆ ಬಂದದ್ದನ್ನು ಒಂದು ಗಳಿಗೆ ತಡೆದು, ಆಮೇಲೆ ಕೇಳಿದ:

"ಬುದ್ಧಿ, ಮುದುಕ ತೀರಿಕೊಂಡದ್ದನ್ನು ನಾಡಿಗೆ ತಿಳಿಸಲು ಅವರು ಮತ್ತೆ ಎರಡು ಗುಂಡು ಹಾರಿಸಿದರೇ?"

"ಬೇಕಾಗಲಿಲ್ಲ ಮರಿ, ಅವನಿಗೆ ಬೆಳಿಗ್ಗೆಯೇ ಹಾರಿಸಿ ಆಗಿತ್ತು."